ಹೃದಯದ ಬೈಪಾಸ್‌ಗೆ ಮುನ್ನ: ಅನ್ನನಾಳದ ಹಳೆಯ ಆಪರೇಷನ್ ಮುಚ್ಚಿಡಬೇಡಿ

ನಮ್ಮ ಮನೆಗಳಲ್ಲಿ ಆಪರೇಷನ್‌ಗಳಿಗೆ ನಾವೇ ಇಟ್ಟ ಹೆಸರುಗಳಿರುತ್ತವೆ. ಗರ್ಭಕೋಶ ತೆಗೆದರೆ 'ಚೀಲದ ಆಪರೇಷನ್'. ಪಿತ್ತಕೋಶ ತೆಗೆದರೆ 'ಕಲ್ಲಿನ ಆಪರೇಷನ್'. ಅನ್ನನಾಳದ ಶಸ್ತ್ರಚಿಕಿತ್ಸೆಗೆ ಮಾತ್ರ ಒಂದು ಹೆಸರು ನಿಂತಿಲ್ಲ. ಕೆಲವರು 'ಗಂಟಲಿನ ಆಪರೇಷನ್' ಎನ್ನುತ್ತಾರೆ, ಕೆಲವರು 'ಹೊಟ್ಟೆ ಆಪರೇಷನ್' ಎನ್ನುತ್ತಾರೆ. ವರ್ಷಗಳು ಕಳೆದ ಮೇಲೆ ಅದೂ ಮರೆತು ಹೋಗುತ್ತದೆ. ಹೀಗಿರುವಾಗ ಆ ಮನೆಯ ಹಿರಿಯರಿಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರರು, "ಈ ಮೊದಲು ಏನಾದರೂ ಆಪರೇಷನ್ ಆಗಿದೆಯೇ?" ಎಂದು ಕೇಳುತ್ತಾರೆ. "ಹೊಟ್ಟೆಯದು ಒಂದು ಆಗಿತ್ತು, ಈಗ ಅದರ ತೊಂದರೆ ಏನೂ ಇಲ್ಲ" ಎಂಬ ಉತ್ತರ ಬರುತ್ತದೆ.

ಓದುಗ ಸಹೋದರಿಯರೇ, ಇಷ್ಟು ಚಿಕ್ಕ ಉತ್ತರ ಎಷ್ಟು ದೊಡ್ಡ ಅಪಾಯಕ್ಕೆ ದಾರಿ ಮಾಡಬಲ್ಲದು ಎಂಬುದನ್ನು ತಿಳಿಸಲೆಂದೇ ಈ ಲೇಖನ. ಅನ್ನನಾಳದ ಶಸ್ತ್ರಚಿಕಿತ್ಸೆ ಆದವರಿಗೂ ಹೃದಯದ ಬೈಪಾಸ್ ಮಾಡಬಹುದು. ಆದರೆ ಅದನ್ನು ಮಾಡುವ ದಾರಿ ಬೇರೆಯಾಗಬಹುದು. ಆ ದಾರಿಯನ್ನು ಡಾಕ್ಟರರು ಮೊದಲೇ ಯೋಚಿಸಿಕೊಳ್ಳಬೇಕಾದರೆ ಹಳೆಯ ಕಥೆಯನ್ನು ಅವರಿಗೆ ಹೇಳುವವರು ಬೇಕು. ಹೆಚ್ಚಿನ ಮನೆಗಳಲ್ಲಿ ಆ ಕಥೆ ನೆನಪಿರುವುದು ಮತ್ತು ಆ ಫೈಲು ಎಲ್ಲಿದೆ ಎಂದು ಗೊತ್ತಿರುವುದು ಹೆಂಗಸರಿಗೇ.

ಒಂದೇ ಚಟ, ಎರಡು ರೋಗ

ಅನ್ನನಾಳದ ಕ್ಯಾನ್ಸರ್ ಮತ್ತು ಹೃದಯಾಘಾತ ಒಬ್ಬನೇ ವ್ಯಕ್ತಿಗೆ ಬಂದರೆ "ಹಣೆಬರಹ" ಎಂದು ನಿಟ್ಟುಸಿರು ಬಿಡುತ್ತೇವೆ. ವೈದ್ಯರ ದೃಷ್ಟಿಯಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ. ಬೀಡಿ, ಸಿಗರೇಟು ಎರಡಕ್ಕೂ ಕಾರಣ. ಹೊಗೆ ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ, ಅನ್ನನಾಳದ ಒಳಪದರವನ್ನೂ ಕೆಡಿಸುತ್ತದೆ. ತಂಬಾಕು ಜಗಿಯುವುದು, ಗುಟ್ಕಾ, ಮದ್ಯಪಾನ ಇವೆಲ್ಲ ಅನ್ನನಾಳದ ಕ್ಯಾನ್ಸರಿಗೆ ಕಾರಣಗಳೆಂದು ಸಾಬೀತಾಗಿವೆ. ಬೀಡಿ ಮುಟ್ಟದ ನಮ್ಮ ಹಿರಿಯ ಹೆಂಗಸರಲ್ಲಿ ಎಲೆಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವವರು, ಹಲ್ಲಿಗೆ ಕಡ್ಡಿಪುಡಿ ತಿಕ್ಕುವವರು ಇಂದಿಗೂ ಇದ್ದಾರೆ. 65 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ಪಾನೀಯಗಳನ್ನು ಕುಡಿಯುವ ರೂಢಿಯೂ ಅನ್ನನಾಳಕ್ಕೆ ಒಳ್ಳೆಯದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಎಚ್ಚರಿಸಿದೆ. ಒಲೆಯಿಂದ ಇಳಿಸಿದ ಚಹಾವನ್ನು ಒಂದೆರಡು ನಿಮಿಷ ಆರಲು ಬಿಡುವುದರಿಂದ ನಷ್ಟವೇನೂ ಇಲ್ಲ.

ಇನ್ನೊಂದು ಸಂಬಂಧವೂ ಇದೆ. ಅನ್ನನಾಳದ ಕ್ಯಾನ್ಸರಿಗೆ ಎದೆಯ ಭಾಗಕ್ಕೆ ವಿಕಿರಣ, ಅಂದರೆ ಜನ ಹೇಳುವ 'ಕರೆಂಟ್', ಕೊಟ್ಟಿದ್ದರೆ ಆ ಕಿರಣಗಳು ಹೃದಯದ ರಕ್ತನಾಳಗಳನ್ನೂ ತಾಗುತ್ತವೆ. ವರ್ಷಗಳ ನಂತರ ಅವು ಕಿರಿದಾಗುವ ಸಾಧ್ಯತೆ ಹೆಚ್ಚುತ್ತದೆ. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು ಚಿಕಿತ್ಸೆಯ ದಿನಗಳಲ್ಲೇ ಹೃದಯದ ರಕ್ತನಾಳಗಳು ಸಂಕುಚಿತವಾಗುವಂತೆ ಮಾಡಿ ಎದೆನೋವು ತರಬಲ್ಲವು.

ಕ್ಯಾನ್ಸರಲ್ಲದ ಕಾರಣಕ್ಕೂ ಅನ್ನನಾಳ ಹಾಳಾಗುತ್ತದೆ. ಬಚ್ಚಲು ತೊಳೆಯುವ ಆ್ಯಸಿಡನ್ನು ನೀರಿನ ಬಾಟಲಿಯಲ್ಲಿ ತುಂಬಿಸಿಟ್ಟಾಗ ಮಕ್ಕಳು ನೀರೆಂದು ಕುಡಿಯುತ್ತಾರೆ. ಮನನೊಂದು ತಾವೇ ಕುಡಿದವರೂ ಇದ್ದಾರೆ. ಬದುಕುಳಿದವರ ಅನ್ನನಾಳ ಸುಟ್ಟು ಮುದುಡಿ, ತುತ್ತು ಇಳಿಯದಂತಾಗುತ್ತದೆ. ಅಂಥವರಿಗೂ ಹೊಸ ನಾಳ ಕಟ್ಟಿಕೊಡಬೇಕಾಗುತ್ತದೆ. ಅವರು ಚಿಕ್ಕ ವಯಸ್ಸಿನವರು. ಮೂವತ್ತು ವರ್ಷ ಕಳೆದು ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಂದು ಹೃದಯದ ಬಾಗಿಲಿಗೆ ಬಂದು ನಿಂತಾಗ ಆ ಹಳೆಯ ಕಥೆ ಯಾರಿಗೂ ನೆನಪಿರುವುದಿಲ್ಲ, ನೆನಪಿದ್ದರೂ ಯಾರೂ ಹೇಳುವುದಿಲ್ಲ.

ಅನ್ನನಾಳ ತೆಗೆದ ಮೇಲೆ ಊಟ ಎಲ್ಲಿಂದ ಇಳಿಯುತ್ತದೆ?

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಗಂಟಲಿನಿಂದ ಹೊರಟು, ಎದೆಗೂಡಿನಲ್ಲಿ ಬೆನ್ನುಮೂಳೆಯ ಮುಂದೆ, ಹೃದಯದ ಬೆನ್ನಿಗೆ ಒರಗಿಕೊಂಡಂತೆ ಇಳಿದು ಜಠರವನ್ನು ಸೇರುತ್ತದೆ. ಹೃದಯಕ್ಕೂ ಅದಕ್ಕೂ ನೆರೆಮನೆಯ ಸಂಬಂಧ, ನಡುವೆ ತೆಳುವಾದ ಗೋಡೆ.

1913ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಫ್ರಾಂಜ್ ಟೊರೆಕ್ ಎಂಬವರು ಎದೆಯೊಳಗಿನ ಅನ್ನನಾಳದ ಕ್ಯಾನ್ಸರನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದರು. ಆ ರೋಗಿ 67 ವರ್ಷದ ಒಬ್ಬ ಮಹಿಳೆ. ತೆಗೆದ ಜಾಗಕ್ಕೆ ಏನು ಜೋಡಿಸಬೇಕೆಂದು ಆಗ ಗೊತ್ತಿರಲಿಲ್ಲ. ಕುತ್ತಿಗೆಯಲ್ಲಿ ಒಂದು ರಂಧ್ರ, ಹೊಟ್ಟೆಯಲ್ಲಿ ಒಂದು ರಂಧ್ರ, ಎರಡರ ನಡುವೆ ದೇಹದ ಹೊರಗಡೆ ಒಂದು ರಬ್ಬರ್ ಕೊಳವೆ! ಆ ತಾಯಿ ಅದರ ಮೂಲಕವೇ ಉಂಡು ಹತ್ತು ವರ್ಷಕ್ಕೂ ಮಿಗಿಲಾಗಿ ಬದುಕಿದರು.

ಇಂದು ಹೊರಗಿನ ಕೊಳವೆ ಬೇಕಿಲ್ಲ. ರೋಗಿಯ ಜಠರವನ್ನೇ ಉದ್ದನೆಯ ಕೊಳವೆಯಾಗಿ ಹೊಲಿದು ಮೇಲಕ್ಕೆಳೆದು ಕುತ್ತಿಗೆಯಲ್ಲಿ ಅಥವಾ ಎದೆಯಲ್ಲಿ ಜೋಡಿಸುತ್ತಾರೆ. ಜಠರ ಸಿಗದಿದ್ದರೆ, ವಿಶೇಷವಾಗಿ ಆ್ಯಸಿಡಿನಿಂದ ಸುಟ್ಟವರಲ್ಲಿ, ದೊಡ್ಡ ಕರುಳಿನ ಒಂದು ತುಂಡನ್ನು ಬಳಸುತ್ತಾರೆ. ಈ ಹೊಸ ಕೊಳವೆಯನ್ನು ಮೇಲಕ್ಕೆ ಒಯ್ಯಲು ಮೂರು ದಾರಿಗಳಿವೆ.

ಮೊದಲನೆಯದು, ಹಳೆಯ ಅನ್ನನಾಳವಿದ್ದ ಜಾಗವೇ, ಹೃದಯದ ಹಿಂಭಾಗ. ಎರಡನೆಯದು, ಎದೆಯ ನಡುಮೂಳೆಯ ಒಳಮಗ್ಗುಲು, ಅಂದರೆ ಹೃದಯದ ಮುಂಭಾಗ. ಮೂರನೆಯದು ಬಹಳ ಅಪರೂಪ: ಎದೆಮೂಳೆಯ ಹೊರಗೆ, ಚರ್ಮದ ಕೆಳಗೆ. ಯಾವ ದಾರಿ ಎಂಬುದನ್ನು ರೋಗ ಎಲ್ಲಿದೆ, ಎಷ್ಟು ಹಬ್ಬಿದೆ ಎಂದು ನೋಡಿ ಸರ್ಜನರು ತೀರ್ಮಾನಿಸುತ್ತಾರೆ. ಮನೆಯವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಊಟ ಇಳಿದರೆ ಸಾಕು. ಹೃದಯದ ಸರ್ಜನರಿಗೆ ಮಾತ್ರ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಬೈಪಾಸ್ ಎಂದರೆ ಏನು?

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಮುಚ್ಚಿದಾಗ, ದೇಹದ ಬೇರೆ ಕಡೆಯಿಂದ ಒಂದು ರಕ್ತನಾಳವನ್ನು ತಂದು ಅಡ್ಡಿಯ ಆಚೆ ಜೋಡಿಸುವುದೇ ಬೈಪಾಸ್. ಊರೊಳಗಿನ ರಸ್ತೆ ಮುಚ್ಚಿದಾಗ ಊರ ಹೊರಗಿನಿಂದ ಬಸ್ಸು ತಿರುಗಿ ಹೋಗುವ ಹಾಗೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ರೆನೆ ಫವಲೋರೊ ಕಾಲಿನ ರಕ್ತನಾಳ ಬಳಸಿ ಇದನ್ನು ರೂಢಿಗೆ ತಂದರು. ನಮ್ಮ ದೇಶದ ಮೊದಲ ಬೈಪಾಸನ್ನು 1975ರಲ್ಲಿ ಚೆನ್ನೈ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಮಾಡಿದರು.

ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಮೇಲಿನಿಂದ ಕೆಳಗೆ ಗರಗಸದಿಂದ ಸೀಳಿ ಹೃದಯವನ್ನು ತಲುಪುತ್ತಾರೆ. ಎದೆಗೋಡೆಯ ಒಳಗೆ ಎಡಬದಿಯಲ್ಲಿರುವ ಒಂದು ರಕ್ತನಾಳವನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುತ್ತಾರೆ. ಈ ಜೋಡಣೆ ಬಹಳ ಬಾಳಿಕೆಯದು. ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ. ಉಳಿದ ಅಡ್ಡಿಗಳಿಗೆ ಕಾಲಿನ ಅಥವಾ ಮುಂಗೈಯ ರಕ್ತನಾಳಗಳನ್ನು ಬಳಸುತ್ತಾರೆ. ಆಪರೇಷನ್ ನಡೆಯುವಾಗ ಕೆಲವೊಮ್ಮೆ ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತ ಹರಿಸುತ್ತಾರೆ, ಕೆಲವೊಮ್ಮೆ ಹೃದಯ ಬಡಿಯುತ್ತಿರುವಾಗಲೇ ಜೋಡಣೆ ಮಾಡುತ್ತಾರೆ.

ತೊಡಕು ಎಲ್ಲಿ?

ಈಗ ಎರಡನ್ನೂ ಕೂಡಿಸಿ ನೋಡಿ. ಹೊಸ ಅನ್ನನಾಳ ಎದೆಮೂಳೆಯ ಒಳಮಗ್ಗುಲಿಗೇ ಅಂಟಿಕೊಂಡಿದೆ. ಅದು ಗೊತ್ತಿಲ್ಲದೆ ಮೂಳೆಗೆ ಗರಗಸ ಹಾಕಿದರೆ ಮೊದಲು ಸಿಗುವುದು ಆ ಕೊಳವೆಯೇ. ಅದು ಹರಿದರೆ ಊಟದ ದಾರಿ ಕೆಡುತ್ತದೆ. ಅದರೊಳಗಿನ ಕ್ರಿಮಿಗಳು ಎದೆಯೊಳಗೆ ಹರಡಿ ಹೃದಯದ ಸುತ್ತ ಕೀವು ತುಂಬುವ ಅಪಾಯವೂ ಇದೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನರು ಬಹಳ ಹೆದರುವ ತೊಡಕುಗಳಲ್ಲಿ ಇದೂ ಒಂದು.

ಎರಡನೆಯ ತೊಡಕು ರಕ್ತನಾಳದ್ದು. ಜಠರದ ಅಂಚಿನಲ್ಲಿ ಬಲಗಡೆಯಿಂದ ಬರುವ ಒಂದು ರಕ್ತನಾಳವಿದೆ. ಕೆಲವು ಸರ್ಜನರು ಅದನ್ನು ಬೈಪಾಸ್‌ಗೆ ಬಳಸುವುದುಂಟು. ಜಠರವನ್ನೇ ಅನ್ನನಾಳವಾಗಿ ಮಾಡಿದವರಲ್ಲಿ ಆ ಇಡೀ ಕೊಳವೆ ಮುಖ್ಯವಾಗಿ ಇದೇ ನಾಳದ ರಕ್ತದಿಂದ ಬದುಕಿರುತ್ತದೆ. ಅದನ್ನು ಮುಟ್ಟುವಂತಿಲ್ಲ, ಆಪರೇಷನ್ ವೇಳೆ ಒತ್ತುವಂತೆಯೂ ಇಲ್ಲ.

ಮೂರನೆಯದು ಪರೀಕ್ಷೆಯ ಪ್ರಶ್ನೆ. ಹೃದಯದ ಆಪರೇಷನ್ ನಡೆಯುವಾಗ ಬಾಯಿಯಿಂದ ಅನ್ನನಾಳಕ್ಕೆ ಒಂದು ಎಕೋ ಕೊಳವೆಯನ್ನು ಇಳಿಸಿ ಹಿಂಭಾಗದಿಂದ ಹೃದಯವನ್ನು ನೋಡುವ ಪದ್ಧತಿಯಿದೆ. ಅನ್ನನಾಳ ಕೊಯ್ದು ಜೋಡಿಸಿದವರಲ್ಲಿ ಆ ಹೊಲಿಗೆಯ ಜಾಗ ಕಿರಿದಾಗಿರಬಹುದು, ದುರ್ಬಲವಾಗಿರಬಹುದು. ಕೊಳವೆ ಅಲ್ಲಿ ಗಾಯ ಮಾಡಬಹುದು. ಅಂಥವರಿಗೆ ಸಾಮಾನ್ಯವಾಗಿ ಅದನ್ನು ಇಳಿಸುವುದಿಲ್ಲ. ಹೃದಯದ ಮೇಲೆಯೇ ಎಕೋ ಇಟ್ಟು ನೋಡುವ ಬೇರೆ ವಿಧಾನವಿದೆ. ಮೂಗಿನಿಂದ ಹೊಟ್ಟೆಗೆ ಹಾಕುವ ಸಾಧಾರಣ ನಳಿಕೆಯನ್ನೂ ಇವರಿಗೆ ಜಾಗ್ರತೆಯಿಂದಲೇ ಹಾಕಬೇಕು.

ನಾಲ್ಕನೆಯದು ಅರಿವಳಿಕೆ. ಅನ್ನನಾಳ ಮತ್ತು ಜಠರ ಸೇರುವಲ್ಲಿ ಊಟ ಹಿಂದಕ್ಕೆ ಬಾರದಂತೆ ತಡೆಯುವ ಒಂದು ಬಿಗಿ ಇರುತ್ತದೆ. ಆಪರೇಷನ್ ಆದವರಲ್ಲಿ ಆ ಬಿಗಿ ಉಳಿದಿರುವುದಿಲ್ಲ. ಜೊತೆಗೆ ಕೊಳವೆ ನಿಧಾನವಾಗಿ ಖಾಲಿಯಾಗುತ್ತದೆ. ರಾತ್ರಿಯಿಂದ ಉಪವಾಸವಿದ್ದರೂ ಒಳಗೆ ದ್ರವ ಉಳಿದಿರಬಹುದು. ಪ್ರಜ್ಞೆ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅರಿವಳಿಕೆ ತಜ್ಞರಿಗೆ ವಿಷಯ ಮೊದಲೇ ಗೊತ್ತಿದ್ದರೆ ತಲೆಯನ್ನು ಎತ್ತರದಲ್ಲಿಟ್ಟು, ಉಸಿರಿನ ನಳಿಕೆಯನ್ನು ಬೇಗನೆ ಹಾಕಿ ಇದನ್ನು ತಡೆಯುತ್ತಾರೆ.

ಹಿಂದೆ ವಿಕಿರಣ ಕೊಟ್ಟಿದ್ದರೆ ಎದೆಯೊಳಗಿನ ಅಂಗಾಂಶ ಗಡುಸಾಗಿರುತ್ತದೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಎದೆಗೋಡೆಯ ಆ ಒಳ್ಳೆಯ ರಕ್ತನಾಳವೂ ಕೆಟ್ಟಿರಬಹುದು.

ಹಾಗಾದರೆ ದಾರಿಯಿಲ್ಲವೇ?

ಇದೆ, ಒಂದಕ್ಕಿಂತ ಹೆಚ್ಚು. ಮೊದಲು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಹೊಸ ಕೊಳವೆ ಎಲ್ಲಿದೆ, ಮೂಳೆಗೆ ಎಷ್ಟು ಹತ್ತಿರವಿದೆ ಎಂದು ನೋಡುತ್ತಾರೆ. ಕೊಳವೆ ಹೃದಯದ ಹಿಂದೆ ಇದ್ದರೆ ಎದೆಮೂಳೆಯನ್ನು ಸೀಳುವ ಮಾಮೂಲಿ ದಾರಿಯಲ್ಲೇ ಬೈಪಾಸ್ ಮಾಡಲು ಹೆಚ್ಚಾಗಿ ಅಡ್ಡಿಯಿರುವುದಿಲ್ಲ. ಅರಿವಳಿಕೆ ಮತ್ತು ಎಕೋ ವಿಷಯದಲ್ಲಿ ಎಚ್ಚರ ವಹಿಸಿದರಾಯಿತು.

ಕೊಳವೆ ಮೂಳೆಯ ಒಳಮಗ್ಗುಲಿಗಿದ್ದರೆ ಹೃದಯ ತಜ್ಞರು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಬೈಪಾಸ್ ಬೇಕೇ ಬೇಕೇ ಎಂಬುದು. ತೊಡೆಯ ಅಥವಾ ಮುಂಗೈಯ ನಾಳದಿಂದ ತಂತಿ ತೂರಿಸಿ ಸ್ಟೆಂಟ್ ಹಾಕಿ ಕೆಲಸವಾಗುವಂತಿದ್ದರೆ ಎದೆಯನ್ನು ತೆರೆಯುವ ಅಗತ್ಯವೇ ಬೀಳದು. ಸ್ಟೆಂಟ್ ಸಾಲದು ಎಂದಾದರೆ ಎದೆಯ ಎಡಬದಿಯಲ್ಲಿ ಪಕ್ಕೆಲುಬುಗಳ ನಡುವೆ ಕೊಯ್ದು, ಹೃದಯ ಬಡಿಯುತ್ತಿರುವಾಗಲೇ ಮುಖ್ಯ ನಾಳಕ್ಕೆ ಬೈಪಾಸ್ ಮಾಡಬಹುದು. ನಡುಮೂಳೆಯನ್ನು ಮುಟ್ಟುವುದೇ ಇಲ್ಲ. ಕೆಲವರಿಗೆ ಮುಖ್ಯ ನಾಳಕ್ಕೆ ಹೀಗೆ ಬೈಪಾಸ್ ಮಾಡಿ ಉಳಿದವಕ್ಕೆ ಸ್ಟೆಂಟ್ ಹಾಕುತ್ತಾರೆ. ಬೇರೆ ದಾರಿಯೇ ಇಲ್ಲವೆಂದಾಗ, ಜಠರ-ಅನ್ನನಾಳದ ಸರ್ಜನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಹಳ ಎಚ್ಚರದಿಂದ ಮೂಳೆಯನ್ನೇ ತೆರೆಯುತ್ತಾರೆ.

ಜಪಾನಿನಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚು. ಎದೆಮೂಳೆಯ ಒಳಮಗ್ಗುಲಿನ ದಾರಿಯನ್ನು ಅಲ್ಲಿನ ಸರ್ಜನರು ಬಹಳವಾಗಿ ಬಳಸಿದ್ದಾರೆ. ಹಾಗಾಗಿ ಇಂಥ ರೋಗಿಗಳಿಗೆ ಎಡಬದಿಯಿಂದ ಬೈಪಾಸ್ ಮಾಡಿದ ಅನುಭವ ಅಲ್ಲಿಂದ ಸಾಕಷ್ಟು ವರದಿಯಾಗಿದೆ.

ಇದರ ತಿರುವು ಮುರುವು ಕೂಡ ನೆನಪಿಡಿ. ಮೊದಲು ಬೈಪಾಸ್ ಆಗಿ ಆ ಮೇಲೆ ಅನ್ನನಾಳದ ಅಥವಾ ಜಠರದ ಆಪರೇಷನ್ ಬೇಕಾದರೆ ಹೃದಯದ ಹಳೆಯ ಫೈಲನ್ನು ಆ ಸರ್ಜನರಿಗೆ ತೋರಿಸಲೇಬೇಕು. ಎದೆಮೂಳೆಯ ಕೆಳಗೆ ಹಾದುಹೋಗುವ ಜೋಡಣೆಗೆ ಪೆಟ್ಟಾಗದಂತೆ ಅವರು ನೋಡಿಕೊಳ್ಳಬೇಕಾಗುತ್ತದೆ.

ಎದೆಯುರಿಯೋ, ಹೃದಯವೋ?

ಅನ್ನನಾಳದ ಆಪರೇಷನ್ ಆದವರಿಗೆ ಹುಳಿತೇಗು, ಎದೆಯುರಿ ಇದ್ದದ್ದೇ. ಊಟವಾದ ಸ್ವಲ್ಪ ಹೊತ್ತಿಗೆ, ಅದರಲ್ಲೂ ಸಿಹಿ ತಿಂದಾಗ, ಬೆವರು, ಎದೆಬಡಿತ, ತಲೆಸುತ್ತು ಬರುವುದೂ ಉಂಟು. ಊಟ ಕರುಳಿಗೆ ಒಮ್ಮೆಲೇ ಸುರಿದಾಗ ಹೀಗಾಗುತ್ತದೆ. ಹೃದಯದ ನೋವು ಕೂಡ ಇದೇ ಎದೆ, ಇದೇ ಬೆವರು, ಇದೇ ಸಂಕಟದ ರೂಪದಲ್ಲಿ ಬರುತ್ತದೆ. ಎರಡೂ ಅಂಗಗಳ ನೋವನ್ನು ಒಯ್ಯುವ ನರಗಳು ಒಂದೇ ಕಡೆ ಸೇರುವುದರಿಂದ ರೋಗಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಹೆಂಗಸರಲ್ಲಿ ಇದು ಇನ್ನೂ ಮಸುಕು. ಎಡಗೈ ನೋವಿನ ಬದಲು ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಕಾಣಿಸಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಹೃದಯಾಘಾತವಾಗಬಹುದು. "ಗ್ಯಾಸ್ ಆಗಿದೆ" ಎಂದು ಸೋಡಾ ಕುಡಿದು, ಮಲಗಿ, ಬೆಳಗಾಗುವುದರೊಳಗೆ ಕೈಮೀರಿದ ಮನೆಗಳನ್ನು ನೀವೂ ಕಂಡಿರಬಹುದು.

ಗುರುತು ಇಷ್ಟು: ನಡೆದಾಗ, ಮೆಟ್ಟಿಲೇರಿದಾಗ ಬಂದು ನಿಂತಾಗ ಕಡಿಮೆಯಾಗುವ ಎದೆಯ ಬಿಗಿತ, ಹತ್ತು ಹದಿನೈದು ನಿಮಿಷಕ್ಕೂ ಮೀರಿ ನಿಲ್ಲುವ ನೋವು, ಹಿಂದಿನ ಎದೆಯುರಿಗಿಂತ ಬೇರೆ ಎನಿಸುವ ಸಂಕಟ. ಇವುಗಳಲ್ಲಿ ಒಂದು ಕಂಡರೂ ಇಸಿಜಿ ಮಾಡಿಸಿ. ಅದು ಹೃದಯದ್ದಲ್ಲ ಎಂದು ತೀರ್ಮಾನಿಸುವ ಕೆಲಸ ಡಾಕ್ಟರರದು.

ಮುಚ್ಚಿಡುವುದೇಕೆ?

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲೂಕಿನ ನೀಲಗುಂದದಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹತ್ತು ವರ್ಷಗಳ ಹಿಂದೆ ಮನೆಯ ಯಜಮಾನರಿಗೆ ಅನ್ನನಾಳದ ಕ್ಯಾನ್ಸರ್ ಆಗಿ ದೂರದ ಊರಲ್ಲಿ ಆಪರೇಷನ್ ಆಗಿದೆ. ಆಗ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. 'ಕ್ಯಾನ್ಸರ್ ಮನೆ' ಎಂಬ ಹೆಸರು ಬಂದರೆ ಸಂಬಂಧ ತಪ್ಪೀತೆಂದು "ಗ್ಯಾಸ್ಟ್ರಿಕ್ ಹುಣ್ಣಿನ ಆಪರೇಷನ್" ಎಂದು ನೆರೆಹೊರೆಗೆ ಹೇಳಿದರು. ರೋಗಿ ಎದೆಗುಂದದಿರಲಿ ಎಂದು ಅವರಿಗೂ ಅದನ್ನೇ ಹೇಳಿದರು. ಫೈಲು ಟ್ರಂಕಿನ ತಳ ಸೇರಿತು. ಹೆಣ್ಣುಮಕ್ಕಳ ಮದುವೆಯಾಯಿತು, ಮಕ್ಕಳಾದರು. ಈಗ ಅಬ್ಬಾಗೆ ಎದೆನೋವು. ಆಸ್ಪತ್ರೆಗೆ ಕರೆದೊಯ್ಯುವ ಮಗನಿಗೆ ಆಗ ಹನ್ನೆರಡು ವರ್ಷ, ಅವನಿಗೆ ಗೊತ್ತಿರುವುದು ಹುಣ್ಣಿನ ಕಥೆ ಮಾತ್ರ. ಡಾಕ್ಟರರಿಗೂ ಅವನು ಅದನ್ನೇ ಹೇಳುತ್ತಾನೆ.

ಇಂಥ ಮನೆಗಳು ನಮ್ಮ ಸಮುದಾಯದಲ್ಲೂ ಇವೆ, ಬೇರೆಯವರಲ್ಲೂ ಇವೆ. ಆ್ಯಸಿಡ್ ಕುಡಿದ ಪ್ರಕರಣದಲ್ಲಿ ಗುಟ್ಟು ಇನ್ನೂ ಗಟ್ಟಿ. ಮದುವೆಯಾಗಿ ಬಂದ ಹೆಣ್ಣುಮಗಳು ಗಂಡನ ಮನೆಯಲ್ಲಿ ಅದನ್ನು ಬಾಯಿಬಿಡಲಾರಳು. ಕುತ್ತಿಗೆಯ ಗಾಯದ ಗೆರೆಯನ್ನು ಸೆರಗು, ದುಪಟ್ಟಾ ಮುಚ್ಚುತ್ತದೆ.

ನೆರೆಯವರಿಗೆ ಹೇಳಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಮರ್ಯಾದೆಯ ಭಯ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಚಾಕು ಹಿಡಿಯುವ ಕೈಗೆ ಸುಳ್ಳು ಹೇಳಿದರೆ ಅದರ ಬೆಲೆ ತೆರುವವರು ರೋಗಿಯೇ. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ವೃತ್ತಿಧರ್ಮ. ಮನೆಯವರೆದುರು ಹೇಳಲು ಸಂಕೋಚವಾದರೆ "ಡಾಕ್ಟರರೇ, ಒಬ್ಬಳೇ ಮಾತಾಡಬೇಕು" ಎಂದು ಕೇಳಿ. ಅದು ನಿಮ್ಮ ಹಕ್ಕು. ಕಥೆಯೆಲ್ಲ ಹೇಳಲಾಗದಿದ್ದರೆ "ನನ್ನ ಅನ್ನನಾಳ ತೆಗೆದು ಬೇರೆ ಜೋಡಿಸಿದ್ದಾರೆ" ಎಂಬ ಒಂದು ವಾಕ್ಯ ಸಾಕು.

ಹತ್ತಿರದಲ್ಲಿ ಏನಿದೆ, ಖರ್ಚಿಗೇನು?

ಎದೆನೋವು ತೀವ್ರವಾಗಿದ್ದರೆ ದೊಡ್ಡ ಊರನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುವ ಉದ್ದೇಶದಿಂದ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಈ ಇಂಜೆಕ್ಷನ್ ಕೊಡುವ ಮೊದಲೂ ಹಳೆಯ ಆಪರೇಷನ್, ಹೊಟ್ಟೆಯ ಹುಣ್ಣು, ರಕ್ತವಾಂತಿಯ ವಿಷಯವನ್ನು ಹೇಳಲೇಬೇಕು, ಏಕೆಂದರೆ ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು.

ಬೈಪಾಸ್ ಬೇಕೆಂದಾಗ ಹೃದಯ ಮತ್ತು ಜಠರ-ಕರುಳು ಎರಡರ ಸರ್ಜನರೂ ಸಿಗುವ ದೊಡ್ಡ ಆಸ್ಪತ್ರೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ವಲಯದಲ್ಲಿ ಹೃದಯಕ್ಕೆ ಬೆಂಗಳೂರಿನ ಜಯದೇವ ಸಂಸ್ಥೆ ಇದೆ, ಮೈಸೂರು ಮತ್ತು ಕಲಬುರಗಿಯಲ್ಲಿ ಅದರ ಶಾಖೆಗಳಿವೆ. ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಹಳೆಯ ಆಪರೇಷನ್ ಎಲ್ಲಿ ಆಗಿತ್ತೋ ಆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಕೇಳಿದರೆ ಆಪರೇಷನ್ ವಿವರದ ಪ್ರತಿ ಸಿಗುವ ಸಾಧ್ಯತೆಯಿದೆ. ವರ್ಷಗಳು ಕಳೆದಂತೆ ಅದು ಕಷ್ಟವಾಗುತ್ತದೆ. ಆದ್ದರಿಂದ ಇಂದೇ ಪ್ರಯತ್ನಿಸಿ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ಯೋಜನೆಯ ದರದ ಶೇ. 30ರಷ್ಟನ್ನು ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ರೇಷನ್ ಕಾರ್ಡ್, ಆಧಾರ್ ಸಿದ್ಧವಿರಲಿ.

ಮನೆಗೆ ಬಂದ ಮೇಲೆ

ಅನ್ನನಾಳ ಜೋಡಿಸಿಕೊಂಡು ಬೈಪಾಸ್ ಕೂಡ ಆದವರ ಆರೈಕೆ ಅಡುಗೆಮನೆಯಿಂದಲೇ ಆರಂಭವಾಗುತ್ತದೆ. ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಿ. ಗಟ್ಟಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ಮಿರ್ಚಿ-ಮಂಡಕ್ಕಿ, ಡಾಲ್ಡಾ, ಕೊಬ್ಬಿನ ಮಾಂಸ ದೂರವಿರಲಿ. ಬೇಳೆ, ಮೀನು, ಚರ್ಮ ತೆಗೆದ ಕೋಳಿ, ಮೊಟ್ಟೆಯ ಬಿಳಿ, ಮೊಸರು ಗಾಯ ಮಾಯಲು ಸಹಾಯಕ. ಊಟದ ನಡುವೆ ಲೋಟಗಟ್ಟಲೆ ನೀರು ಬೇಡ, ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ನಂತರ ಕೊಡಿ. ಶೀರ್ ಖುರ್ಮಾದಂಥ ಸಿಹಿಯನ್ನು ಹಬ್ಬದ ದಿನವೂ ಎರಡು ಚಮಚಕ್ಕೆ ನಿಲ್ಲಿಸಿ. ಊಟವಾದ ಮೇಲೆ ಎರಡು ಗಂಟೆ ಮಲಗಿಸಬೇಡಿ. ರಾತ್ರಿ ಮಂಚದ ತಲೆಭಾಗ ಎತ್ತರವಿರಲಿ. ಊಟ ಸರಿಯಾಗಿ ಹೀರಲ್ಪಡದೆ ರಕ್ತಹೀನತೆ ಬರುವುದುಂಟು. ರಕ್ತಹೀನತೆ ಹೃದಯದ ಹೊರೆಯನ್ನು ಹೆಚ್ಚಿಸುತ್ತದೆ. ಆಗಾಗ ರಕ್ತ ಪರೀಕ್ಷೆ ಮಾಡಿಸಿ.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು. ಬೈಪಾಸ್ ಅಥವಾ ಸ್ಟೆಂಟ್ ಆದವರು ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳಬೇಕಾಗುತ್ತದೆ. ಇವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಹಾಗೆಂದು ನೀವಾಗಿ ನಿಲ್ಲಿಸಿದರೆ ಜೋಡಣೆ ಮುಚ್ಚಿಹೋಗಬಹುದು. ಹುಣ್ಣು ಆಗದಂತೆ ಡಾಕ್ಟರರೇ ಬೇರೆ ಮಾತ್ರೆ ಬರೆಯುತ್ತಾರೆ. ಅಂಗಡಿಯಿಂದ ಗ್ಯಾಸಿನ ಮಾತ್ರೆಯನ್ನು ನೀವೇ ತಂದು ಕೊಡಬೇಡಿ, ಏಕೆಂದರೆ ಓಮೆಪ್ರಝೋಲ್ ಕ್ಲೊಪಿಡೊಗ್ರೆಲ್‌ನ ಪರಿಣಾಮವನ್ನು ಕುಗ್ಗಿಸುತ್ತದೆ. ಇನ್ನು, ದೊಡ್ಡ ಮಾತ್ರೆ ಇಳಿಯದಿದ್ದರೆ ಪುಡಿ ಮಾಡುವ ಮುನ್ನ ಕೇಳಿ. ಕೆಲವು ಮಾತ್ರೆಗಳನ್ನು ಪುಡಿ ಮಾಡಬಾರದು.

ಎದೆಮೂಳೆಯನ್ನು ತೆರೆದಿದ್ದರೆ ಅದು ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಕೈಯೂರಿ ಏಳುವುದು ಬೇಡ. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಲಿ. ನಮಾಝನ್ನು ಕುರ್ಚಿಯಲ್ಲಿ ಕುಳಿತು ಮಾಡಲಿ. ಅನ್ನನಾಳ ತೆಗೆದವರು ಊಟವಾದ ಕೂಡಲೇ ಸುಜೂದ್‌ಗೆ ಬಾಗಿದರೆ ತಿಂದದ್ದು ಬಾಯಿಗೆ ಬರುತ್ತದೆ. ಅವರಿಗೆ ಊಟಕ್ಕೆ ಮುನ್ನ ನಮಾಝ್ ಮುಗಿಸುವುದು ಅಥವಾ ಕುಳಿತು ಸನ್ನೆಯಿಂದ ಮಾಡುವುದು ಸುಲಭ. ರಮಝಾನಿನಲ್ಲಿ ಉಪವಾಸ ಹಿಡಿಯುವ ಹಂಬಲ ಹಿರಿಯರಿಗೆ ಇದ್ದೇ ಇರುತ್ತದೆ. ದಿನಕ್ಕೆ ಆರು ಬಾರಿ ಉಣ್ಣಬೇಕಾದ, ಹೊತ್ತುಹೊತ್ತಿಗೆ ಹೃದಯದ ಮಾತ್ರೆ ನುಂಗಬೇಕಾದ ರೋಗಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ ಎಂಬುದನ್ನು ಪ್ರೀತಿಯಿಂದ ನೆನಪಿಸಿ.

ಬೈಪಾಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧವನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ ಎಂಬ ವಿಷಯ ಆಪರೇಷನ್ನಿನ ಹಿಂದಿನ ರಾತ್ರಿ ಯಾರಿಂದಲೋ ತಿಳಿದು ಮನೆಯವರು ತಳಮಳಿಸಬಹುದು. ಪ್ರಾಣ ಉಳಿಸುವ ಅನಿವಾರ್ಯ ಸಂದರ್ಭಕ್ಕೆ ಶರೀಅತ್‌ನಲ್ಲಿ ವಿನಾಯಿತಿಯಿದೆ. ಸಂಶಯವಿದ್ದರೆ ಡಾಕ್ಟರರನ್ನೂ ನಂಬಿಕೆಯ ಉಲಮಾಗಳನ್ನೂ ವಾರ ಮೊದಲೇ ಕೇಳಿ ಮನಸ್ಸು ಹಗುರ ಮಾಡಿಕೊಳ್ಳಿ.

ಒಂದು ಚೀಟಿ ಬರೆದಿಡಿ

ಮನೆಯಲ್ಲಿ ಯಾರಿಗಾದರೂ ಅನ್ನನಾಳದ ಆಪರೇಷನ್ ಆಗಿದ್ದರೆ ಒಂದು ಚೀಟಿಯಲ್ಲಿ ಇಷ್ಟನ್ನು ಬರೆಯಿರಿ: ಯಾವ ವರ್ಷ, ಯಾವ ಆಸ್ಪತ್ರೆ, ಯಾವ ಕಾರಣಕ್ಕೆ, ಜಠರದಿಂದ ಜೋಡಿಸಿದ್ದೋ, ಕರುಳಿನಿಂದಲೋ, ಹೊಸ ಕೊಳವೆ ಹೃದಯದ ಹಿಂದಿದೆಯೋ, ಎದೆಮೂಳೆಯ ಒಳಗಿದೆಯೋ, ವಿಕಿರಣ ಅಥವಾ ಕಿಮೋ ಕೊಟ್ಟಿದ್ದಾರೆಯೇ, ಜೋಡಿಸಿದ ಜಾಗ ಕಿರಿದಾಗಿ ಹಿಗ್ಗಿಸಿದ್ದುಂಟೇ, ಈಗಿನ ಮಾತ್ರೆಗಳು ಯಾವುವು. ಗೊತ್ತಿಲ್ಲದ್ದನ್ನು ಡಿಸ್ಚಾರ್ಜ್ ಹಾಳೆ ನೋಡಿ ತುಂಬಲು ಕುಟುಂಬದ ಡಾಕ್ಟರರ ಸಹಾಯ ಪಡೆಯಿರಿ.

ಆ ಚೀಟಿಯ ಒಂದು ಪ್ರತಿ ರೋಗಿಯ ಜೇಬಿನಲ್ಲಿರಲಿ, ಒಂದರ ಫೋಟೋ ಮಗನ ಅಥವಾ ಮಗಳ ಮೊಬೈಲಿನಲ್ಲಿರಲಿ. ಫೈಲನ್ನು ಟ್ರಂಕಿನ ತಳದಿಂದ ತೆಗೆದು ರೇಷನ್ ಕಾರ್ಡಿನ ಜೊತೆಗಿಡಿ. ಮನೆಯ ಇನ್ನೊಬ್ಬರಿಗಾದರೂ ನಿಜವಾದ ಕಥೆ ತಿಳಿದಿರಲಿ. ತುರ್ತಿನ ವೇಳೆ ನೀವು ಮನೆಯಲ್ಲಿ ಇಲ್ಲದಿರಬಹುದು, ಅಥವಾ ಮಂಚದ ಮೇಲೆ ಮಲಗಿರುವವರು ನೀವೇ ಆಗಿರಬಹುದು.